ಮೊದಲ ಮಹಡಿಯ ಗುಂಡಿ

ಸುಶೀಲ ತನ್ನ ಗಂಡನಿಗೆ ಕೊನೆಯದಾಗಿ ಹೇಳಿದ್ದು ಇಷ್ಟೇ: "ಹನ್ನೊಂದು ಕಂಡಿಕೆ ಸುತ್ತಿ ಇಟ್ಟಿದೀನಿ. ಸೀರೆ ಮುಗಿಯೋಕೆ ಸಾಕಾಗುತ್ತೆ. ಕೂತು ನೇಯ್ದುಬಿಡಿ."

ಇದು ಆಡಿ ತಿಂಗಳ, ಅಂದರೆ ತಮಿಳರ ಆಷಾಢದ, ಒಂದು ಮಂಗಳವಾರ, ಬೆಳಗಿನ ಕಾಫಿ ಆದ ಮೇಲೆ ಆಡಿದ ಮಾತು. ಮಾತಿನಲ್ಲಿ ವಿಶೇಷ ಏನೂ ಇರಲಿಲ್ಲ. ಕೊಯಮತ್ತೂರು ಹತ್ತಿರದ ಕಿಣತ್ತುಕಡವಿನ ಆ ಮನೆಯಲ್ಲಿ ಮೂವತ್ತೆಂಟು ವರ್ಷ ಸುಶೀಲ ರಾಟೆ ತಿರುಗಿಸಿ ಕಂಡಿಕೆ ಸುತ್ತಿದಳು, ಗೋಪಾಲಸಾಮಿ ಮಗ್ಗದಲ್ಲಿ ಕೂತು ನೇಯ್ದ. ಕಂಡಿಕೆ ಅಂದರೆ ಲಾಳಿಯ ಹೊಟ್ಟೆಯೊಳಗೆ ಕೂರುವ, ನೂಲು ಸುತ್ತಿದ ಬೆರಳುದ್ದದ ಕಡ್ಡಿ. ಉಳಿದ ಸೀರೆಗೆ ಎಷ್ಟು ಕಂಡಿಕೆ ಬೇಕು ಅನ್ನೋದನ್ನು ಅವಳು ಕಣ್ಣಳತೆಯಲ್ಲೇ ಹೇಳುತ್ತಿದ್ದಳು. ಒಂದು ಹೆಚ್ಚಾಗಿದ್ದಿಲ್ಲ, ಒಂದು ಕಡಿಮೆ ಬಿದ್ದಿದ್ದಿಲ್ಲ. ಆ ದಿನ ಉಳಿದಿದ್ದು ಎರಡು ಮೊಳ. ಅವಳು ಹೇಳೋದನ್ನು ಹೇಳಿ ಗೋಡೆಗೆ ಒರಗಿದಳು. ಮತ್ತೆ ಏಳಲಿಲ್ಲ.

ಹದಿನಾರನೇ ದಿನದ ಕಾರ್ಯ ಮುಗಿದ ಮೇಲೆ ಗೋಪಾಲಸಾಮಿ ಮಗ್ಗದ ಗುಂಡಿಗೆ ಕಾಲು ಇಳಿಬಿಟ್ಟು ಕೂತ. ಪಕ್ಕದಲ್ಲಿ ರಾಟೆಯ ಸದ್ದಿರಲಿಲ್ಲ. ಕೈ ಏಳಲಿಲ್ಲ. ಎದ್ದ. ಹೀಗೆ ಎರಡು ತಿಂಗಳು ದಿನಾ ಕೂತ, ದಿನಾ ಎದ್ದ.

ಆಗ ಪ್ರಕೃತಿ ಮಿಸ್ ಬಂದರು. ಹಾಸನದ ಕಡೆಯವರು, ಗಂಡನ ಕೆಲಸದ ಜೊತೆ ಕೊಯಮತ್ತೂರಿಗೆ ಬಂದವರು. ಬೈಪಾಸ್ ರೋಡಿನ ಖಾಸಗಿ ಶಾಲೆಯಲ್ಲಿ ಕಂಪ್ಯೂಟರ್ ಟೀಚರ್. ಶಾಲೆಯ ಕಂಪ್ಯೂಟರ್ ಕೆಟ್ಟು ಒಂದು ವರ್ಷ ಆಗಿದ್ದರಿಂದ ಅವರಿಗೆ ಬಿಡುವಿತ್ತು. ಬಿಡುವಿದ್ದವರಿಗೆ ಹೊಸ ವಿಷಯ ಕೊಡುವುದು ಶಾಲೆಯ ಪದ್ಧತಿ. ಆರು, ಏಳು, ಎಂಟನೇ ತರಗತಿಗಳಿಗೆ ಆ ವರ್ಷ ಬಂದ ಹೊಸ ವಿಷಯದ ಹೆಸರು "ಕಲೆ, ವಿನ್ಯಾಸ ಮತ್ತು ತಂತ್ರಜ್ಞಾನ". ಅಲ್ಲಿಯವರೆಗೆ ಆ ಪಿರಿಯಡ್‌ನಲ್ಲಿ ಗಣಿತ ನಡೆಯುತ್ತಿತ್ತು. ಈಗ ತಪಾಸಣೆ ಬರುವುದಿತ್ತು. ತೋರಿಸಲು ಒಂದು ಉಪಕರಣ ಬೇಕಿತ್ತು.

"ಯಜಮಾನ್ರೇ, ಮಗ್ಗ ನಮ್ಮ ಶಾಲೆಗೆ ಕೊಡಿ," ಅಂದರು ಮಿಸ್. "ನೀವೂ ದಿನಾ ಬನ್ನಿ. ನೀವು ನೇಯ್ತೀರಿ, ಮಕ್ಕಳು ನೋಡಿ ಕಲೀತಾರೆ."

ಮನೆಯ ಮೌನದಲ್ಲಿ ಏಳದ ಕೈ ಮಕ್ಕಳ ಗದ್ದಲದಲ್ಲಾದರೂ ಏಳಬಹುದು ಅಂತ ಗೋಪಾಲಸಾಮಿಗೆ ಅನ್ನಿಸಿತು. ಎರಡು ಮೊಳ ಮುಗಿದರೆ ಸಾಕು. ಮುಗಿಯದ ಸೀರೆಯನ್ನು ಸುತ್ತಿ, ಮಗ್ಗ ಬಿಚ್ಚಿ, ಹನ್ನೊಂದು ಕಂಡಿಕೆಯನ್ನು ಟಿಫನ್ ಡಬ್ಬಿಯಲ್ಲಿ ಹಾಕಿ ಕೊಟ್ಟ.

ಶಾಲೆಯ ಕೆಳಗಿನ ಪಾಠದ ಕೋಣೆಗಳೆಲ್ಲ ಹತ್ತನೇ ತರಗತಿಗೆ ಮೀಸಲು, ಯಾಕೆಂದರೆ ರಿಸಲ್ಟ್ ತರುವವರು ಅವರು. ಹೊಸ ಪ್ರಯೋಗಾಲಯ ಮೊದಲ ಮಹಡಿಗೆ ಹೋಯಿತು. ಎಂಟು ಜನ ಸೇರಿ ಮಗ್ಗವನ್ನು ಮೆಟ್ಟಿಲು ಹತ್ತಿಸಿ ಟೈಲ್ಸ್ ನೆಲದ ಮೇಲೆ ಜೋಡಿಸಿದರು. ಗೋಪಾಲಸಾಮಿ ನೋಡಿ, ಇದು ಗುಂಡಿ ಮಗ್ಗ, ನೇಯುವವನು ಕಾಲು ಇಳಿಬಿಡಲು ಗುಂಡಿ ಬೇಕು ಅಂದ.

ಈ ವಿಷಯ ಶಾಲೆಯ ಕರೆಸ್ಪಾಂಡೆಂಟ್, ಅಂದರೆ ಶಾಲೆ ನಡೆಸುವ ಧನಪಾಲ್ ಅವರ ಮುಂದೆ ಹೋಯಿತು. ಧನಪಾಲ್ ಪಲ್ಲಡದಲ್ಲಿ ಕೋಳಿ ಫಾರಂ ನಡೆಸಿ ಮೇಲೆ ಬಂದವರು. ಬೆಳಕು ಹೆಚ್ಚಿದ್ದಷ್ಟೂ ಬೆಳವಣಿಗೆ ಜಾಸ್ತಿ ಅಂತ ಗೊತ್ತಿದ್ದುದರಿಂದ ಶಾಲೆಯಲ್ಲಿ ಹಗಲಲ್ಲೂ ಟ್ಯೂಬ್‌ಲೈಟ್ ಉರಿಸುತ್ತಿದ್ದರು. ಮುಂದಿನ ವರ್ಷದ ಅಡ್ಮಿಷನ್ ಪುಸ್ತಕದಲ್ಲಿ "ಅಪ್ಪಟ ಗುಂಡಿ ಮಗ್ಗ" ಅಂತ ಆಗಲೇ ಅಚ್ಚಾಗಿತ್ತು. ಅಚ್ಚಾದದ್ದು ಸುಳ್ಳಾಗಬಾರದು. ಸುತ್ತೋಲೆ ಹೊರಟಿತು:

"ಮಗ್ಗಕ್ಕೆ ಎರಡೂವರೆ ಅಡಿ ಆಳದ ಗುಂಡಿ ತೋಡತಕ್ಕದ್ದು. ಸ್ಥಳ: ಮೊದಲ ಮಹಡಿ."

ಕಾಂಟ್ರಾಕ್ಟರ್ ಬಂದು ಸುತ್ತೋಲೆಯಂತೆ ತೋಡಿದ. ಮಹಡಿಯ ಕಾಂಕ್ರೀಟ್ ಐದು ಇಂಚು ದಪ್ಪ ಇತ್ತು. ಉಳಿದ ಎರಡು ಅಡಿ ಒಂದು ಇಂಚು ಗುಂಡಿ ಕೆಳಗಡೆ ಹೆಡ್‌ಮಿಸ್ಟ್ರೆಸ್ ಜಾನಕಿಯಮ್ಮನವರ ಕೋಣೆಯಲ್ಲಿ ಬಂತು. ತುಳಿಯುವ ಹಲಗೆಗಳನ್ನು ಹಗ್ಗ ಕಟ್ಟಿ ಅವರ ಮೇಜಿನ ಮೇಲೆ ಇಳಿಬಿಡಲಾಯಿತು. ಜಾನಕಿಯಮ್ಮ ಮೂವತ್ತು ವರ್ಷ ಸರ್ವೀಸ್ ಮಾಡಿದವರು. ತಲೆ ಎತ್ತಿ ಒಮ್ಮೆ ನೋಡಿದರು. ಕುರ್ಚಿಯನ್ನು ಒಂದು ಅಡಿ ಎಡಕ್ಕೆ ಎಳೆದುಕೊಂಡು, ಕಾಮಗಾರಿ ತೃಪ್ತಿಕರವಾಗಿದೆ ಅಂತ ಸಹಿ ಹಾಕಿದರು.

ಇನ್ನೊಂದು ತೊಡಕಿತ್ತು. ತಪಾಸಣೆಯ ನಮೂನೆಯಲ್ಲಿ "ತಂತ್ರಜ್ಞಾನ ಉಪಕರಣ: ವಿದ್ಯುತ್ ಸಂಪರ್ಕ ಇದೆಯೇ?" ಅಂತ ಒಂದು ಸಾಲು. ಇಲ್ಲ ಅಂದರೆ ಮಗ್ಗ ಬರೀ ಕಲೆ ಆಗುತ್ತದೆ, ಶಾಲೆಗೆ ಅರ್ಧ ಅಂಕ. ಆಫೀಸಿನ ತಂಗಮಣಿ ಬುದ್ಧಿವಂತ. ಹಳೆಯ ಮಿಕ್ಸಿಯ ವೈರು ತಂದು ಮಗ್ಗದ ಕಾಲಿಗೆ ಕಟ್ಟಿ, ಪ್ಲಗ್ಗನ್ನು ಗೋಡೆಗೆ ಚುಚ್ಚಿದ. ಅಂದಿನಿಂದ ಕರೆಂಟ್ ಹೋದಾಗಲೆಲ್ಲ ಮಗ್ಗದ ಕ್ಲಾಸ್ ರದ್ದು.

ತಪಾಸಣೆಗೆ ಬಂದ ಅಧಿಕಾರಿ ಪ್ಲಗ್ ನೋಡಿ ಟಿಕ್ ಹಾಕಿದರು. ಗುಂಡಿಯೊಳಗೆ ಬಗ್ಗಿ ನೋಡಿದರು. ಕೆಳಗಿನಿಂದ ಜಾನಕಿಯಮ್ಮ ವಣಕ್ಕಂ ಅಂದರು. ಅಧಿಕಾರಿಯೂ ವಣಕ್ಕಂ ಅಂದು, ಈ ಯಂತ್ರದಲ್ಲಿ ಏನು ತಯಾರಾಗುತ್ತದೆ ಅಂತ ಕೇಳಿದರು.

"ಮಾರ್ಕು," ಅಂದರು ಧನಪಾಲ್. ಅಧಿಕಾರಿ ಅದನ್ನೇ ಬರೆದುಕೊಂಡು ಹೋದರು.

ಮಾರನೆಯ ದಿನ ಗೋಪಾಲಸಾಮಿ ಸ್ನಾನ ಮಾಡಿ, ವಿಭೂತಿ ಇಟ್ಟು, ನೇಯಲು ಬಂದ. ಬಾಗಿಲಲ್ಲಿ ಹೊಸ ಬೋರ್ಡು:

"ನಿಯಮ 7: ನೋಂದಾಯಿತ ವಿದ್ಯಾರ್ಥಿಗಳ ಹೊರತು ಯಾರೂ ಉಪಕರಣಗಳನ್ನು ಮುಟ್ಟತಕ್ಕದ್ದಲ್ಲ. ನಿಯಮ 8: ನೋಂದಾಯಿತ ವಿದ್ಯಾರ್ಥಿಗಳು ಪೋಷಕರ ಒಪ್ಪಿಗೆಯಿಲ್ಲದೆ ಮುಟ್ಟತಕ್ಕದ್ದಲ್ಲ."

ಪೋಷಕರಲ್ಲಿ ಒಬ್ಬರೂ ಒಪ್ಪಿಗೆ ಕೊಟ್ಟಿರಲಿಲ್ಲ. ಅವರಲ್ಲಿ ಅರ್ಧ ಜನ ತಿರುಪ್ಪೂರಿನ ಬನಿಯನ್ ಕಂಪನಿಗಳಿಗೆ ವ್ಯಾನಿನಲ್ಲಿ ಹೋಗಿ ಬರುವವರು. ಮಕ್ಕಳು ನೂಲು ಬಟ್ಟೆಯ ಕಡೆ ತಲೆ ಹಾಕಬಾರದು ಅಂತಲೇ ಈ ಶಾಲೆಗೆ ಸೇರಿಸಿದವರು. ಹಾಗಾಗಿ ಮಗ್ಗವನ್ನು ಮುಟ್ಟುವ ಹಕ್ಕು ಯಾರಿಗೂ ಇರಲಿಲ್ಲ. ಶಾಲೆಗೆ ಇದರಿಂದ ಅನುಕೂಲವೇ ಆಯಿತು. ಉಪಕರಣ ಹೊಸದಾಗಿಯೇ ಉಳಿಯಿತು.

ಹನ್ನೊಂದು ಕಂಡಿಕೆಗೆ ಒಂದರಿಂದ ಹನ್ನೊಂದರವರೆಗೆ ನಂಬರ್ ಅಂಟಿಸಿ ಗಾಜಿನ ಪೆಟ್ಟಿಗೆಯಲ್ಲಿ ಬೀಗ ಹಾಕಿದರು. ಗೋಪಾಲಸಾಮಿಯ ಕೊರಳಿಗೆ "ವಿಸಿಟರ್" ಅಂತ ಒಂದು ಕಾರ್ಡು ಹಾಕಿ ಹೊರಗಿನ ಬೆಂಚಿನಲ್ಲಿ ಕೂರಿಸಿದರು. ಅವನು ದಿನಾ ಬಂದು ಕಿಟಕಿಯಿಂದ ಆ ಎರಡು ಮೊಳ ನೋಡಿಕೊಂಡು ಹೋಗುತ್ತಿದ್ದ.

ಒಳಗೆ ಪಾಠ ಚೆನ್ನಾಗಿ ನಡೆಯುತ್ತಿತ್ತು. ಮಕ್ಕಳು ಮಗ್ಗದ ಚಿತ್ರ ಬರೆದು ಭಾಗಗಳನ್ನು ಗುರುತಿಸಬೇಕು. ಪುಸ್ತಕದಲ್ಲಿದ್ದ ಮಗ್ಗ ಬೇರೆ, ಎದುರಿಗಿದ್ದ ಮಗ್ಗ ಬೇರೆ. ಪರೀಕ್ಷೆಗೆ ಬರುವುದು ಪುಸ್ತಕದ ಮಗ್ಗ. ಏಳನೇ ತರಗತಿಯ ಕೃತ್ತಿಕಾ ಅನ್ನುವ ಹುಡುಗಿ ಎದುರಿಗಿದ್ದುದನ್ನು ನೋಡಿ ಬರೆದುಬಿಟ್ಟಳು. ಪ್ರಕೃತಿ ಮಿಸ್ ಕೆಂಪು ಇಂಕಿನಲ್ಲಿ ಸೊನ್ನೆ ಹಾಕಿ, ಕಣ್ಣಿಗೆ ಕಂಡದ್ದನ್ನೆಲ್ಲ ಬರೆಯಬಾರದು ಅಂತ ಬುದ್ಧಿ ಹೇಳಿದರು. ಪುಸ್ತಕಕ್ಕೆ ಹೊಂದದ ಕಾರಣ ಮಗ್ಗದ ಮೇಲೆ ಒಂದು ಬಟ್ಟೆ ಮುಚ್ಚಿಸಿದರು.

ಬಿಡುವಿನಲ್ಲಿ ಹೊರಗೆ ಬಂದು ಗೋಪಾಲಸಾಮಿಯ ಬೆಂಚಿನಲ್ಲಿ ಕೂತರು.

"ಬೇಜಾರು ಮಾಡ್ಕೋಬೇಡಿ ಯಜಮಾನ್ರೇ. ನಾನು ಕರೆದು ತಂದು ಹೀಗಾಯ್ತು."

"ಪರವಾಯಿಲ್ಲ ಮಿಸ್. ಆ ಹುಡುಗಿ ಸರಿಯಾಗೇ ಬರ್ದಿದ್ಳು."

"ಗೊತ್ತು," ಅಂದರು ಮಿಸ್. ಗಂಟೆ ಹೊಡೆಯಿತು. ಎದ್ದು ಹೋದರು.

ಕಾರ್ತಿಕದಲ್ಲಿ ಇನ್ನೊಂದು ಸುತ್ತೋಲೆ ಬಂತು. "ಪ್ರಯೋಗಾಲಯದ ಎಲ್ಲ ವಸ್ತುಗಳಿಗೂ ಇದ್ದ ಸ್ಥಿತಿಯಲ್ಲಿಯೇ ಬರುವ ಶನಿವಾರ ವಾರ್ನಿಷ್ ಹೊಡೆಯತಕ್ಕದ್ದು. ವಿದ್ಯಾರ್ಥಿಗಳ ಬಳಕೆಯಲ್ಲಿರುವ ಉಪಕರಣಗಳಿಗೆ ಮಾತ್ರ ವಿನಾಯಿತಿ."

ಇದ್ದ ಸ್ಥಿತಿ ಅಂದರೆ ಸೀರೆ ಸಮೇತವೋ ಅಂತ ಗೋಪಾಲಸಾಮಿ ಆಫೀಸಿಗೆ ಹೋಗಿ ಕೇಳಿದ. ಸೀರೆ, ಲಾಳಿ, ಕಂಡಿಕೆ ಎಲ್ಲ ಸಮೇತ ಅಂದ ತಂಗಮಣಿ. ಹಾಗಾದರೆ ಮಗ್ಗ ವಾಪಸ್ ಕೊಡಿ ಅಂದ ಗೋಪಾಲಸಾಮಿ. ಸ್ಟಾಕ್ ಪುಸ್ತಕಕ್ಕೆ ಹತ್ತಿದ ವಸ್ತು ಹೊರಗೆ ಹೋಗಬೇಕಾದರೆ ಅದು ಕೆಲಸಕ್ಕೆ ಬಾರದು ಅಂತ ತೀರ್ಮಾನವಾಗಬೇಕು, ಹಾಗೆ ತೀರ್ಮಾನವಾದದ್ದನ್ನು ಸುಡಬೇಕು ಅಂತ ಪದ್ಧತಿ ಇತ್ತು. ತಂಗಮಣಿ ಅದನ್ನೂ ಬಿಡಿಸಿ ಹೇಳಿದ. ಅವನದೂ ಮನೆಯಲ್ಲಿ ಕನ್ನಡವೇ. ಆಫೀಸಿನಲ್ಲಿ ಮಾತ್ರ ತಮಿಳು ಬಿಟ್ಟು ಕದಲುತ್ತಿರಲಿಲ್ಲ.

ಆ ದಿನ ಬುಧವಾರ. ಗೋಪಾಲಸಾಮಿ ಬೋರ್ಡಿನ ಮುಂದೆ ನಿಂತು ನಿಯಮ ಏಳನ್ನು ಎರಡು ಸಲ ಓದಿದ. ನಿಧಾನಕ್ಕೆ ಓದುವವನು. ಮನೆಗೆ ಹೋಗಿ, ರೇಷನ್ ಕಾರ್ಡು ಇಡುವ ಡಬ್ಬಿ ತೆಗೆದ. ಸುಶೀಲ ಯಾವ ಕಾಗದವನ್ನೂ ಬಿಸಾಡಿದವಳಲ್ಲ. ಅಡಿಯಲ್ಲಿ ಅವನ ಟೀಸಿ ಇತ್ತು. ಆರನೇ ತರಗತಿ ಪಾಸು, ನಡತೆ ಉತ್ತಮ. ಅದನ್ನು ತಂದು ತಂಗಮಣಿಯ ಮೇಜಿನ ಮೇಲಿಟ್ಟು, ಏಳನೇ ತರಗತಿಗೆ ಸೇರಿಸಿಕೊಳ್ಳಿ ಅಂದ.

ತಂಗಮಣಿ ಫಾರಂ ತೆಗೆದ. ವಿದ್ಯಾರ್ಥಿಗೆ ಹನ್ನೊಂದು ವರ್ಷ ತುಂಬಿರಬೇಕು ಅಂತ ಇತ್ತು. ತುಂಬಿತ್ತು. ಅರವತ್ತೆರಡೂ ತುಂಬಿತ್ತು, ಆದರೆ ಅದಕ್ಕೆ ಫಾರಂನಲ್ಲಿ ಜಾಗ ಇರಲಿಲ್ಲ. ನಡುವೆ ಶಾಲೆಗೆ ಬಾರದ ದಿನಗಳಿಗೆ ರಜಾ ಚೀಟಿ ಬೇಕಿತ್ತು. ಗೋಪಾಲಸಾಮಿ ಬರೆದುಕೊಟ್ಟ: "ಮನೆಯಲ್ಲಿ ನೇಯುವ ಕೆಲಸ ಇದ್ದುದರಿಂದ ಐವತ್ತೊಂದು ವರ್ಷ ಬರಲಾಗಲಿಲ್ಲ. ದಯವಿಟ್ಟು ಮನ್ನಿಸಬೇಕು." ಜಾನಕಿಯಮ್ಮ ಓದಿ, ಕಾರಣ ಪ್ರಾಮಾಣಿಕವಾಗಿದೆ ಅಂತ ಮಂಜೂರು ಮಾಡಿದರು. ಧನಪಾಲ್ ಅವರಿಗೆ ಫೋನು ಹೋಯಿತು. ಏಳನೇ ತರಗತಿಯಲ್ಲಿ ಮೂವತ್ತೊಂಬತ್ತು ಮಕ್ಕಳಿದ್ದರು, ನಲವತ್ತಾದರೆ ಎರಡು ವಿಭಾಗ ಮಾಡಬಹುದಿತ್ತು. ಅವರು ಒಂದೇ ಮಾತು ಕೇಳಿದರು, ಹುಡುಗ ಯೂನಿಫಾರಂ ನಮ್ಮಲ್ಲೇ ತಗೋತಾನಾ ಅಂತ.

ಉಳಿದಿದ್ದು ಕೊನೆಯ ಸಾಲು. ಅಲ್ಲಿಗೆ ಬಂದಾಗ ತಂಗಮಣಿ ತಮಿಳು ಬಿಟ್ಟ.

"ಮಾಮ, ಇಲ್ಲಿ ಪೋಷಕರ ಹೆಸರು ಬೇಕು."

"ಅಪ್ಪ ಅಮ್ಮ ಹೋಗಿ ಎಷ್ಟು ವರ್ಷ ಆಯ್ತು, ನಿನಗೆ ಗೊತ್ತಿಲ್ವಾ."

"ಅಪ್ಪ ಅಮ್ಮನೇ ಆಗ್ಬೇಕು ಅಂತಿಲ್ಲ. ನಿಮ್ಮನ್ನ ನೋಡ್ಕೊಳ್ಳೋರು ಯಾರೋ, ಅವ್ರು."

ಗೋಪಾಲಸಾಮಿ ಫಾರಂನ ಆ ಸಾಲಿನ ಮೇಲೆ ಬೆರಳಿಟ್ಟ. "ಸುಶೀಲ ಅಂತ ಬರ್ಕೊ."

ತಂಗಮಣಿ ಬರೆದುಕೊಂಡ. "ಏನ್ ಕೆಲಸ?"

"ಕಂಡಿಕೆ ಸುತ್ತೋದು."

"ಸಹಿ ಹಾಕೋಕೆ ಬರ್ತಾರಾ?"

ತಂಗಮಣಿ ಹದಿನಾರನೇ ದಿನದ ಊಟಕ್ಕೆ ಬಂದಿದ್ದವನು. ಎರಡನೇ ಸಲ ಪಾಯಸ ಹಾಕಿಸಿಕೊಂಡವನು. ಆದರೂ ಫಾರಂನಲ್ಲಿದ್ದುದನ್ನು ಕೇಳಲೇಬೇಕಿತ್ತು.

"ಬರಲ್ಲ."

"ಸರಿ. ಮಗ್ಗ ಮುಟ್ಟೋಕೆ ಬಾಯಿಮಾತಲ್ಲಾದ್ರೂ ಒಪ್ಪಿಗೆ ಕೊಟ್ಟಿದಾರಾ? ಅವ್ರು ಏನ್ ಹೇಳಿದ್ರೋ ಹಾಗೇ ಹೇಳಿ, ಒಂದು ಅಕ್ಷರ ಬಿಡ್ಬೇಡಿ."

ಗೋಪಾಲಸಾಮಿ ಹೇಳಿದ. ಒಂದು ಅಕ್ಷರ ಬಿಡಲಿಲ್ಲ. ಆ ಮಾತನ್ನು ಇನ್ನೊಬ್ಬರ ಮುಂದೆ ಅವನು ಹೇಳಿದ್ದು ಅದೇ ಮೊದಲು. ತಂಗಮಣಿಯ ಪೆನ್ನು ಒಂದು ಗಳಿಗೆ ನಿಂತಿತು. ಆಮೇಲೆ ಪೂರ್ತಿ ಬರೆದುಕೊಂಡು ಜಾನಕಿಯಮ್ಮನವರ ಹತ್ತಿರ ಒಯ್ದ. ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಷರಾ ಬರೆದರು: "ಪೋಷಕರ ಒಪ್ಪಿಗೆ ಸ್ಪಷ್ಟವಾಗಿದೆ. ಕಂಡಿಕೆಗಳ ಸಂಖ್ಯೆ ಸ್ಟಾಕ್ ಪುಸ್ತಕಕ್ಕೆ ತಾಳೆಯಾಗಿದೆ. ನಿಯಮ 8ರಂತೆ ಅನುಮತಿಸಿದೆ. ಮಗ್ಗಕ್ಕೆ ವಾರ್ನಿಷ್‌ನಿಂದ ವಿನಾಯಿತಿ."

ಮಾರನೆಯ ಬೆಳಿಗ್ಗೆ ಗೋಪಾಲಸಾಮಿ ಏಳನೇ ತರಗತಿಯ ನೀಲಿ ಚಡ್ಡಿ ಹಾಕಿದ. ಇದ್ದುದರಲ್ಲಿ ದೊಡ್ಡ ಸೈಜು. ಮೇಲಿನ ಬಟನ್ ಹಾಕಲಾಗಲಿಲ್ಲ, ಬೆಲ್ಟಿನಲ್ಲಿ ಮುಚ್ಚಿಕೊಂಡ. ಪ್ರಾರ್ಥನೆಯಲ್ಲಿ ಎತ್ತರದ ಲೆಕ್ಕಕ್ಕೆ ಸಾಲಿನ ಕೊನೆಯಲ್ಲಿ ನಿಂತ. ಮೂರನೇ ಪಿರಿಯಡ್ ಕಲೆ, ವಿನ್ಯಾಸ ಮತ್ತು ತಂತ್ರಜ್ಞಾನ.

"ಗೋಪಾಲಸಾಮಿ," ಅಂದರು ಪ್ರಕೃತಿ ಮಿಸ್. ಯಜಮಾನ್ರೇ ಅನ್ನುವಂತಿರಲಿಲ್ಲ, ಹಾಜರಿ ಪುಸ್ತಕದಲ್ಲಿ ಹಾಗಿರಲಿಲ್ಲ. "ಮಗ್ಗದ ಭಾಗಗಳ ಹೆಸರು ಹೇಳಿ."

ಹೇಳಿದ. ಪುಸ್ತಕಕ್ಕೆ ಒಂದೂ ಹೊಂದಲಿಲ್ಲ. ಮಿಸ್ ಸೊನ್ನೆ ಹಾಕಿದರು. ಆಮೇಲೆ ಮಗ್ಗದ ಮೇಲಿನ ಬಟ್ಟೆ ಸರಿಸಿ, ಗಾಜಿನ ಪೆಟ್ಟಿಗೆಯ ಬೀಗ ತೆಗೆದು, ಒಂದನೇ ನಂಬರ್ ಕಂಡಿಕೆಯನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟರು.

ಅವನು ಗುಂಡಿಗೆ ಕಾಲು ಇಳಿಬಿಟ್ಟು ಕೂತ. ಅಷ್ಟರಲ್ಲಿ ಕರೆಂಟ್ ಹೋಯಿತು. ಟ್ಯೂಬ್‌ಲೈಟ್ ಆರಿತು. ಕ್ಲಾಸ್ ರದ್ದು ಅಂತ ಮಕ್ಕಳು ಪುಸ್ತಕ ಮುಚ್ಚತೊಡಗಿದರು. ಕೃತ್ತಿಕಾ ಎದ್ದು ಹೋಗಿ, ಮಗ್ಗದ ಪ್ಲಗ್ಗನ್ನು ಕಿತ್ತು, ಪಕ್ಕದ ಇನ್ವರ್ಟರ್ ಸಾಕೆಟ್ಟಿಗೆ ಚುಚ್ಚಿದಳು. "ಈಗ ಓಡುತ್ತೆ ಮಿಸ್," ಅಂದಳು ತಮಿಳಿನಲ್ಲಿ. ಮಿಸ್ ಪ್ಲಗ್ ನೋಡಿದರು, ಸರಿ ಅಂದರು. ಗೋಪಾಲಸಾಮಿ ಹಲಗೆ ತುಳಿದ. ಮಗ್ಗ ಓಡಿತು. ಮೂವತ್ತೊಂಬತ್ತು ಮಕ್ಕಳ ಗದ್ದಲ ರಾಟೆಯ ಸದ್ದಿನ ಹಾಗೇನೂ ಇರಲಿಲ್ಲ, ಆದರೂ ಕೈ ಎದ್ದಿತು.

ಕೆಳಗೆ ಯಾರೋ ಹೊಸ ಪೋಷಕರು ಬಂದಿದ್ದರು. ನೆತ್ತಿಯ ಮೇಲೆ ಆಡುತ್ತಿದ್ದ ನರೆಗೂದಲಿನ ಕಾಲು ಯಾರದು ಅಂತ ಕೇಳಿದ್ದು ಗುಂಡಿಯಿಂದ ಕೇಳಿಸಿತು. ಏಳನೇ ಕ್ಲಾಸು, ಹೊಸ ಅಡ್ಮಿಷನ್ ಅಂದರು ಜಾನಕಿಯಮ್ಮ. ಹಾಗಾದರೆ ಆರನೇ ಕ್ಲಾಸಿನಲ್ಲಿ ಸೀಟ್ ಇದೆಯಾ ಅಂತ ವಿಚಾರಿಸಿದರು ಪೋಷಕರು.

ಗಂಟೆ ಹೊಡೆಯುವಷ್ಟರಲ್ಲಿ ನಾಲ್ಕೂವರೆ ಬೆರಳಗಲ ಸೀರೆ ಏರಿತ್ತು. ಒಂದನೇ ಕಂಡಿಕೆ ಸರಿಯಾಗಿ ಅಲ್ಲಿಗೆ ಮುಗಿಯಿತು. ಗೋಪಾಲಸಾಮಿ ಖಾಲಿ ಕಡ್ಡಿಯನ್ನು ಚಡ್ಡಿಯ ಜೇಬಿಗೆ ಹಾಕಿಕೊಂಡ. ಇನ್ನು ಹತ್ತು ಉಳಿದಿತ್ತು, ವಾರಕ್ಕೆ ಒಂದು ಪಿರಿಯಡ್.

ನಾಲ್ಕನೇ ಪಿರಿಯಡ್ ಗಣಿತ. ಹೋಂವರ್ಕ್ ಮಾಡಿರಲಿಲ್ಲ. ಬೆಂಚಿನ ಮೇಲೆ ನಿಂತ.