ರೋಡ್ ರೋಲರ್ ಹಿಂದೆ ಹೊರಟ ಸೈಟು

"ನಿಲ್ಲಿಸ್ರೋ! ನನ್ನ ಸೈಟು ಹೋಗ್ತಾ ಇದೆ!"

ಕಮಲಾಕ್ಷಮ್ಮ ಸೀರೆಯ ನೆರಿಗೆ ಎತ್ತಿ ಹಿಡಿದು ಓಡುತ್ತಿದ್ದರು. ಅವರ ಮುಂದೆ ಮೊಣಕಾಲೆತ್ತರದ ಗಡಿಕಲ್ಲೊಂದು ನಾಲ್ಕು ಚಕ್ರಗಳ ಮೇಲೆ ಗರಗರ ಅನ್ನುತ್ತ ಹೋಗುತ್ತಿತ್ತು. ಪಕ್ಕದಲ್ಲಿ ಇನ್ನೊಂದು, ಹಿಂದೆ ಮತ್ತೆರಡು. ಕಡೂರಿನ ಹೊರಗಿನ ಆ ಹನ್ನೆರಡು ಸೈಟಿನ ಬಡಾವಣೆಯ ಇಪ್ಪತ್ತೊಂದು ಕಲ್ಲುಗಳೂ ಸಾಲು ತಪ್ಪದೆ, ಮೂವತ್ತು-ನಲವತ್ತರ ಅಳತೆ ಕೆಡದೆ ಊರಿನ ದಾರಿ ಹಿಡಿದಿದ್ದವು. ಮೂವತ್ತು ವರ್ಷ ಅಂಗನವಾಡಿ ನಡೆಸಿದ ಕಮಲಾಕ್ಷಮ್ಮನಿಗೆ ಇಷ್ಟು ಶಿಸ್ತಿನ ಮೆರವಣಿಗೆಯನ್ನು ಒಮ್ಮೆಯೂ ಮಾಡಿಸಲು ಆಗಿರಲಿಲ್ಲ!

ಅರ್ಧ ಗಂಟೆಯ ಹಿಂದೆ ಎಲ್ಲ ಸರಿಯಾಗಿಯೇ ಇತ್ತು.

ಅವರ ಸೈಟಿಗೂ ಪಕ್ಕದ ಓಂಕಾರಪ್ಪನ ಸೈಟಿಗೂ ನಡುವೆ ಎರಡಡಿಯ ಜಗಳ. ಓಂಕಾರಪ್ಪ ಬಸ್ ಕಂಡಕ್ಟರ್ ಆಗಿದ್ದು ನಿವೃತ್ತರಾದವರು. ಕುತ್ತಿಗೆಯ ಸೀಟಿ ಮಾತ್ರ ಇನ್ನೂ ನಿವೃತ್ತಿಯಾಗಿರಲಿಲ್ಲ. "ಗೆರೆ ತೀರ್ಮಾನ ಆಗದೆ ಪಾಯ ತೋಡಲ್ಲ" ಎಂದು ಮೇಸ್ತ್ರಿ ನಾಲ್ಕು ವರ್ಷದಿಂದ ಕೈಕಟ್ಟಿ ಕೂತಿದ್ದ. ಕಮಲಾಕ್ಷಮ್ಮನಿಗೆ ಅರವತ್ತೆರಡು. ಸ್ವಂತ ಸೂರಿನ ಕೆಳಗೆ ಒಂದು ಲೋಟ ಕಾಫಿ ಕುಡಿಯುವ ಆಸೆಗೆ ಅಡ್ಡ ನಿಂತದ್ದು ಆ ಎರಡೇ ಅಡಿ.

ಅದಕ್ಕೇ ತಮ್ಮ ರುದ್ರೇಶಿ, ರೇಡಿಯೋ ರಿಪೇರಿಯವನು, ತಾನಾಗಿ ನಡೆದು ಹೋಗಿ ಸರಿಯಾದ ಮೂಲೆಯಲ್ಲಿ ನಿಲ್ಲುವ ಗಡಿಕಲ್ಲುಗಳನ್ನು ಕಟ್ಟಿದ್ದ.

"ಅಕ್ಕಾ, ಮೇಲೆ ಉಪಗ್ರಹಗಳು ಸದಾ ಗಂಟೆ ಎಷ್ಟು ಅಂತ ಕೂಗ್ತಾ ಇರ್ತವೆ. ಆ ಕೂಗು ಇಲ್ಲಿ ಮುಟ್ಟೋಕೆ ಎಷ್ಟು ತಡ ಆಯ್ತು ನೋಡಿದ್ರೆ ದೂರ ಸಿಗುತ್ತೆ. ನಾಲ್ಕು ಉಪಗ್ರಹದ ದೂರ ಸಿಕ್ರೆ, ಕಲ್ಲಿಗೆ ತಾನು ಎಲ್ಲಿದೀನಿ ಅಂತ ಗೊತ್ತಾಗುತ್ತೆ!"

"ಎರಡಡಿ ಲೆಕ್ಕನೂ ಗೊತ್ತಾಗುತ್ತೇನಯ್ಯ?" ಓಂಕಾರಪ್ಪ ಕೆಣಕಿದರು.

"ಬರೀ ಅಷ್ಟರಲ್ಲಿ ಆಗಲ್ಲ. ದಾರೀಲಿ ಗಾಳಿ ಕೂಗನ್ನ ತಡ ಮಾಡುತ್ತೆ, ಐದಾರು ಅಡಿ ತಪ್ಪುತ್ತೆ. ಅದಕ್ಕೇ ಅಲುಗದ ಜಾಗದಲ್ಲಿ ಒಂದು ಯಜಮಾನ ಡಬ್ಬಿ ಇಡೋದು. ಅದು ತಾನಿರೋ ಜಾಗ ಬಲ್ಲದು. ಉಪಗ್ರಹ ಎಷ್ಟು ತಪ್ಪು ಹೇಳ್ತೋ ಅಷ್ಟನ್ನ ಹಿಡಿದು ಎಲ್ಲಾ ಕಲ್ಲುಗಳನ್ನೂ ತಿದ್ದುತ್ತೆ."

"ಎಲ್ಲಿಟ್ಟೆ ಅದನ್ನ?"

ರುದ್ರೇಶಿ ಹೆಮ್ಮೆಯಿಂದ ರೋಡ್ ರೋಲರ್ ಕಡೆ ಕೈ ತೋರಿಸಿದ. ಬಡಾವಣೆಗೆ ರಸ್ತೆ ಮಾಡಲು ಬಂದು, ಹನ್ನೊಂದು ವರ್ಷದಿಂದ ಮೈಮೇಲೆ ತೊಂಡೆಬಳ್ಳಿ ಹಬ್ಬಿಸಿಕೊಂಡು ನಿಂತಿದ್ದ ರೋಲರ್! ಚಕ್ರಗಳು ನೆಲದಲ್ಲಿ ಗೇಣುದ್ದ ಹೂತಿದ್ದವು.

"ಊರಲ್ಲಿ ಇದಕ್ಕಿಂತ ಅಲುಗದ ವಸ್ತು ಉಂಟಾ? ಯಾರೂ ಕೀಳಬಾರದು ಅಂತ ವೆಲ್ಡಿಂಗ್ ಮಾಡಿಸಿದೀನಿ. ಯಾರೂ ಆರಿಸಬಾರದು ಅಂತ ಸ್ವಿಚ್ಚೇ ಇಟ್ಟಿಲ್ಲ!"

ಕಲ್ಲುಗಳು ಹೊರಟವು, ತಡವರಿಸಿದವು, ನಿಂತವು. ನಡುವಿನ ಕಲ್ಲು ನಿಂತದ್ದು ಜಗಳದ ಎರಡಡಿಯ ಸರಿ ಮಧ್ಯಕ್ಕೆ. ಇಬ್ಬರ ಮುಖವೂ ಒಟ್ಟಿಗೇ ಸಪ್ಪಗಾಯಿತು. ಹಾಗಾದರೆ ಅಳತೆ ಸರಿಯಿದೆ ಅಂದುಕೊಂಡರು ಕಮಲಾಕ್ಷಮ್ಮ.

ಮೇಸ್ತ್ರಿ ಗುದ್ದಲಿ ಎತ್ತಿದ. ಅಷ್ಟರಲ್ಲಿ ರೋಲರಿನ ಡ್ರೈವರ್ ಖಾದರ್ ಡೀಸೆಲ್ ಕ್ಯಾನು, ಹೊಸ ಬ್ಯಾಟರಿ ಹೊತ್ತು ಓಡೋಡಿ ಬಂದ. "ರಸ್ತೆ ಮಂಜೂರಾಯ್ತು!"

ಎಲ್ಲರೂ ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದವನು ರುದ್ರೇಶಿ!

ರೋಲರ್ ಕೆಮ್ಮಿತು, ಹೊಗೆ ಕಾರಿತು, ಬಳ್ಳಿ ಹರಿದುಕೊಂಡು ಹೊರಟಿತು. ಹಿಂದೆಯೇ ಹನ್ನೆರಡು ಸೈಟುಗಳೂ ಹೊರಟವು.

"ಕಲ್ಲುಗಳದ್ದು ತಪ್ಪಿಲ್ಲ ಅಕ್ಕಾ!" ರುದ್ರೇಶಿ ಏದುಸಿರು ಬಿಡುತ್ತ ಪಕ್ಕದಲ್ಲಿ ಓಡಿದ. "ಡಬ್ಬಿ ತಾನು ಅಲುಗೇ ಇಲ್ಲ ಅಂತ ನಂಬಿಕೊಂಡಿದೆ. ರೋಲರ್ ಎಷ್ಟು ದೂರ ಹೋಗುತ್ತೋ ಅಷ್ಟು ದೂರಕ್ಕೆ ಕಲ್ಲುಗಳನ್ನೂ ತಿದ್ದುತ್ತಾ ಇದೆ!"

"ನಿನ್ನನ್ನ ಚಿಕ್ಕೋನಾಗಿದ್ದಾಗಲೇ ತಿದ್ದಬೇಕಿತ್ತು ಕಣೋ! ಖಾದರಣ್ಣಾ, ನಿಲ್ಲಿಸಪ್ಪಾ!"

"ನಿಲ್ಲಿಸಿದ್ರೆ ಮತ್ತೆ ಸ್ಟಾರ್ಟ್ ಆಗಲ್ಲ ಟೀಚರಮ್ಮಾ! ಹಿಂದಕ್ಕಾದ್ರೆ ಬರುತ್ತೆ!"

ಓಂಕಾರಪ್ಪ ಒಂದು ಕಲ್ಲನ್ನು ತಡೆಯಲು ಅದರ ಮೇಲೆ ಕೂತರು. ಕಲ್ಲು ಅವರನ್ನೂ ಹೊತ್ತುಕೊಂಡು ಹೋಯಿತು. ಅಲ್ಲಿಂದಲೇ ಅವರಿಗೆ ದಾರಿ ಹೊಳೆಯಿತು. "ಹಳೇ ಜಾಗದಲ್ಲಿ ಚಕ್ರದ ಗುಂಡಿಗಳಿವೆ! ರೋಲರ್ ಅದರೊಳಗೇ ಇಳಿದ್ರೆ ಕಲ್ಲುಗಳೂ ವಾಪಸ್!"

ಹಾರಿ ಇಳಿದವರೇ ರೋಲರಿನ ಹಿಂದೆ ನಿಂತು ಸೀಟಿ ಊದಿದರು. "ಬರ್ಲಿ, ಬರ್ಲಿ... ಲೆಫ್ಟು... ಬರ್ಲಿ!" ರೋಲರ್ ಹಿಮ್ಮೆಟ್ಟಿತು, ಕಲ್ಲುಗಳೂ ಹಿಮ್ಮೆಟ್ಟಿದವು. ಗುಂಡಿಗೆ ಇನ್ನು ಒಂದೇ ಅಡಿ.

ಆಗ ಅವರ ಕೈ ಗಾಳಿಯಲ್ಲೇ ನಿಂತಿತು. ರೋಲರ್ ಇಲ್ಲೇ ನಿಂತರೆ ನಡುವಿನ ಕಲ್ಲು ಕಮಲಾಕ್ಷಮ್ಮನ ಸೈಟಿನೊಳಗೆ ಒಂದಡಿ ನಿಲ್ಲುತ್ತದೆ. ಎರಡಡಿಯೂ ಓಂಕಾರಪ್ಪನದೇ! ಕಮಲಾಕ್ಷಮ್ಮನಿಗೂ ಅದು ಹೊಳೆಯಿತು.

ಓಂಕಾರಪ್ಪ ಕಲ್ಲು ನೋಡಿದರು, ಗುದ್ದಲಿ ಹಿಡಿದು ನಿಂತ ಮೇಸ್ತ್ರಿಯನ್ನು ನೋಡಿದರು, ಕೆದರಿದ ಕೂದಲಿನ ಕಮಲಾಕ್ಷಮ್ಮನನ್ನು ನೋಡಿದರು.

"ಬರ್ಲಿ," ಅಂದರು. "ಇನ್ನೊಂದಡಿ ಬರ್ಲಿ... ಹೋಲ್ಡಾನ್!"

ರೋಲರ್ ದಡಕ್ಕನೆ ಗುಂಡಿಗಿಳಿಯಿತು. ಖಾದರ್ ಎಂಜಿನ್ ಆರಿಸದೆ ಕಾದ. ಮೇಸ್ತ್ರಿ ಸ್ಪ್ಯಾನರ್ ಹಿಡಿದು ಇಪ್ಪತ್ತೊಂದು ಕಲ್ಲುಗಳ ಚಕ್ರಗಳನ್ನೂ ಕಳಚಿ ಹಾಕಿದ. ಆಮೇಲೆ ರೋಲರ್ ರಸ್ತೆ ಮಾಡಲು ಹೋಯಿತು. ಕಲ್ಲುಗಳು ಗುರ್ ಅಂದು ಸುಮ್ಮನಾದವು.

"ಟೀಚರಮ್ಮಾ, ಗೃಹಪ್ರವೇಶಕ್ಕೆ ಕರೀತೀರಾ?" ಓಂಕಾರಪ್ಪ ಸೀಟಿ ಒರೆಸಿಕೊಳ್ಳುತ್ತ ಕೇಳಿದರು.

"ಮೊದಲ ಕಾಫಿ ನಿಮಗೇ ಕಣ್ರೀ."

ಪಾಯದ ಮೊದಲ ಗುದ್ದಲಿ ಬಿತ್ತು. ರುದ್ರೇಶಿ ಚೀಲದೊಳಗೆ ಎಣಿಸಿ ನೋಡಿ, ಕಣ್ಣರಳಿಸಿಕೊಂಡು ಬಂದ.

"ಅಕ್ಕಾ, ಎಂಬತ್ನಾಲ್ಕು ಚಕ್ರ ಉಳಿದಿವೆ! ನಿನ್ನ ಮನೆ ಕೆಳಗೆ ಹಾಕಿಬಿಡ್ಲಾ? ಮುಂದೆ ಬಿಸಿಲು ಯಾವ ಕಡೆ ಬಂದ್ರೂ..."

"ಬೇಡ," ಅಂದರು ಕಮಲಾಕ್ಷಮ್ಮ.