ಒಲೆ ಪಕ್ಕದ ಮಂಚ ಮತ್ತು ನನ್ನ ಮೊದಲ ರೈಫಲ್

ಸ್ವಿಟ್ಜರ್ಲೆಂಡಿನ ಗ್ರೌಬುಂಡೆನ್ ಸೀಮೆಯ ಕ್ರಾಪ್‌ನೇರ್ ಗ್ರಾಮದಲ್ಲಿ ಗುರಿಕಾರರ ಹಾಗೂ ಬೇಟೆಗಾರರ ಸಂಘವೊಂದಿದ್ದು, ಸದರಿ ಸಂಘದ ಯಾವ ವ್ಯಕ್ತಿಯೂ ತನ್ನ ಮೊದಲ ರೈಫಲನ್ನು ತಾನೇ ಆರಿಸಿಕೊಳ್ಳುವಂತಿಲ್ಲ. ಮೊದಲ ಸಲ ಕೊಳ್ಳುವವರು ಹಿಡಿಯ ಮರದ ಬಣ್ಣ ನೋಡಿ ಮರುಳಾಗುತ್ತಾರೆ, ನಳಿಕೆಯ ಕಡೆ ತಿರುಗಿಯೂ ನೋಡುವುದಿಲ್ಲ. ಆದ್ದರಿಂದ ಆಯ್ಕೆಯನ್ನು ಮೂವರು ಹಿರಿಯರ ಸಮಿತಿ ಮಾಡತಕ್ಕದ್ದು. ಆಯ್ಕೆ ಮುಗಿಯುವವರೆಗೆ ಅರ್ಜಿದಾರರು ಸಭೆಯಲ್ಲಿ ಹಾಜರಿರತಕ್ಕದ್ದಲ್ಲ. ಇದು ಬಹಳ ಸೊಗಸಾದ ನಿಯಮ. ಬರೆದವಳು ನಾನೇ.

ಸಂಘದ ಕಾರ್ಯದರ್ಶಿ ಬರ್ಲಾ ದೆಪ್ಲಾಜೆಸ್ ಎಂದರೆ ನಾನು. ಸನ್ಯಾಸಿನಿಯರ ಕಾನ್ವೆಂಟಿನಲ್ಲಿ ಕಲಿತವಳು. ಅಲ್ಲಿ ಅಲ್ಪವಿರಾಮ ತಪ್ಪಿದರೆ ಬೆರಳಿನ ಗೆಣ್ಣಿಗೆ ಅಳತೆಕೋಲು ಬೀಳುತ್ತಿತ್ತು. ಹೀಗಾಗಿ ಸಂಘದ ನಿಯಮಾವಳಿಯಲ್ಲಿ ಒಂದು ಇರುವೆ ನುಸುಳುವಷ್ಟೂ ಸಂದಿಲ್ಲವೆಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದೆ. ನಾನೇ ನುಸುಳಬೇಕಾದ ದಿನ ಬರುವವರೆಗೆ.

ನನ್ನ ಪತಿ ವಿಜೇಲಿ ಮಾರ್ಚ್‌ನಲ್ಲಿ ತೀರಿಕೊಂಡರು. ಹಿಮನದಿಯ ತಪ್ಪಲಿನಲ್ಲಿರುವ ಸಂಘದ ಬೇಟೆಮನೆಯಲ್ಲಿ ಒಲೆ ಪಕ್ಕದ ಮಂಚ ಅವರದು. ಅವರಿಗೂ ಮೊದಲು ಅವರ ತಂದೆಯದು. ಪ್ರತಿ ವರ್ಷ ಸೆಪ್ಟೆಂಬರ್ ಬೇಟೆಗೆ ಮುನ್ನ ಮನೆತನದ ಒಬ್ಬರಾದರೂ ಗುರಿ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಇಲ್ಲದಿದ್ದರೆ ಮಂಚ ಅಧ್ಯಕ್ಷರು ಸೂಚಿಸಿದವರಿಗೆ ಹೋಗುತ್ತದೆ. ಅಧ್ಯಕ್ಷ ಮೋಡೆಸ್ಟ್ ಅವರ ಸ್ವಂತ ಮಂಚ ಸೋರುವ ಮೂಲೆಯಲ್ಲಿದೆ. ಯಾರನ್ನು ಸೂಚಿಸುತ್ತಾರೆಂದು ಅವರು ಯಾರಿಗೂ ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ಅವರು ಶವಸಂಸ್ಕಾರದ ದಿನವೇ ನನ್ನ ಕೈ ಹಿಡಿದು, "ಆ ಮಂಚದ ಹಾಸಿಗೆ ಉಣ್ಣೇದಾ, ಹುಲ್ಲಿಂದಾ?" ಎಂದು ವಿಚಾರಿಸಿದ್ದರು.

ನಾನು ಬೇಟೆಯ ಪಾಠ ಓದಿ ಮುಗಿಸಿ, ಮೊದಲ ರೈಫಲಿಗೆ ಅರ್ಜಿ ಕೊಟ್ಟೆ.

ವಿಜೇಲಿಯ ರೈಫಲ್ ಮನೆಯಲ್ಲೇ ಇತ್ತಲ್ಲ ಎಂದು ಯಾರಾದರೂ ಕೇಳಬಹುದು. ವಾರಸಾಗಿ ಬಂದ ರೈಫಲ್ ಮೊದಲ ರೈಫಲ್ ಆಗತಕ್ಕದ್ದಲ್ಲ, ಏಕೆಂದರೆ ಅದನ್ನು ಯಾರೂ ಆರಿಸಿರುವುದಿಲ್ಲ. ವಾರಸುದಾರರು ಮೊದಲ ರೈಫಲ್ ಪಡೆಯುವವರೆಗೆ ಅದರ ಯಜಮಾನಿಕೆ ತೀರಿಕೊಂಡವರಲ್ಲೇ ಮುಂದುವರಿಯತಕ್ಕದ್ದು. ಮೋಡೆಸ್ಟ್ ಅವರ ಸೋದರಳಿಯ ಅಜ್ಜನ ತುಕ್ಕುಬಂದೂಕಿನಿಂದ ಇಗರ್ಜಿಯ ಶಿಖರದ ಮೇಲೆ ಗಾಳಿಯ ದಿಕ್ಕು ತೋರುವ ತಗಡುಹುಂಜವನ್ನು ಹೊಡೆದುರುಳಿಸಿದ ವರ್ಷ ಈ ನಿಯಮ ಬಂದಿತು. ಇದನ್ನೂ ಬರೆದವಳು ನಾನೇ.

ಸಮಿತಿಯಲ್ಲಿ ಅಧ್ಯಕ್ಷರಲ್ಲದೆ ಇನ್ನಿಬ್ಬರಿದ್ದರು: ಮಲಗಿಕೊಂಡು ಗುರಿಹಲಗೆಗೆ ಮಾತ್ರ ಹೊಡೆಯುವ ಟುಮಾಶ್ ಮತ್ತು ನಡೆದಾಡುವ ಪ್ರಾಣಿಗಳಿಗೆ ಮಾತ್ರ ಹೊಡೆಯುವ ಡೂರಿ. ಸಭೆಗೆ ನಾನು ಕಾರ್ಯದರ್ಶಿಯಾಗಿ ಹಾಜರಿದ್ದೆ, ಅರ್ಜಿದಾರಳಾಗಿ ಗೈರುಹಾಜರಾಗಿದ್ದೆ. ಬಾರ್ಲಿ ಸಾರು ಬಡಿಸಿದವಳೂ ನಾನೇ, ಆದರೆ ಅದು ಯಾವ ಹುದ್ದೆಯಲ್ಲೆಂದು ನಿಯಮಾವಳಿ ಹೇಳುವುದಿಲ್ಲ.

"ಭಾರದ ನಳಿಕೆ ಬೇಕು," ಎಂದರು ಟುಮಾಶ್. "ಭಾರ ಇದ್ರೆ ಅಲ್ಲಾಡಲ್ಲ. ಮೊದಲ್ನೇ ರೈಫಲ್ ಅಂದ್ರೆ ಬಂಡೆ ಥರ ಕೂತಿರ್ಬೇಕು."

"ಕೂತಿರ್ಲಿ ಬಿಡಪ್ಪ, ಗುಡ್ಡ ಹತ್ತಿಸೋರು ಯಾರು?" ಎಂದರು ಡೂರಿ. "ಆ ವಯಸ್ಸಲ್ಲಿ ಆ ಹೆಂಗ್ಸು ಅದನ್ನ ಹೊತ್ಕೊಂಡು ಹೋದ್ರೆ ಕಾಡಾಡುಗಳೇ ಬಂದು ಕೈ ಹಿಡ್ಕೊಂಡು ಇಳಿಸ್ಬೇಕಾಗುತ್ತೆ. ಹಗುರದ್ದು ಕೊಡಿ."

"ಹಗುರದ್ದು ಹೊಡೆದಾಗ ಭುಜಕ್ಕೆ ಒದೆಯುತ್ತೆ ಕಣೋ."

"ಒದೀಲಿ. ವಿಜೇಲಿ ಜೊತೆ ಅಷ್ಟು ವರ್ಷ ಸಂಸಾರ ಮಾಡಿಲ್ವಾ?"

ಅರ್ಜಿದಾರಳು ಗೈರುಹಾಜರಾಗಿದ್ದರಿಂದ ನಾನು ಏನನ್ನೂ ಕೇಳಿಸಿಕೊಳ್ಳಲಿಲ್ಲ.

ಕೊನೆಗೆ ಅಧ್ಯಕ್ಷರು ಎರಡೂ ಪಕ್ಷಗಳನ್ನು ಸಮಾಧಾನಪಡಿಸಿ, ಗುರಿಗೂ ಬೇಟೆಗೂ ಒಪ್ಪುವ ಮಧ್ಯಮ ತೂಕದ ರೈಫಲ್ ಎಂದು ಸೂಚಿಸಿದರು. ಅಂದರೆ ಹೊತ್ತು ನಡೆಯಲು ತೀರ ಭಾರ, ಅಲ್ಲಾಡದೆ ನಿಲ್ಲಲು ತೀರ ಹಗುರ. ಇದು ಸರ್ವಾನುಮತದಿಂದ ಅಂಗೀಕಾರವಾಯಿತು. ಬಳಿಕ ಭುಜಕ್ಕೊತ್ತುವ ಹಿಡಿಯ ಉದ್ದದ ಪ್ರಶ್ನೆ ಎದ್ದಿತು. ಹಿಡಿಯನ್ನು ಕೊಳ್ಳುವವರ ತೋಳಿಗೆ ಅಳೆಯಬೇಕು.

"ಅವ್ರ ತೋಳು ಎಲ್ಲಿ?" ಎಂದರು ಟುಮಾಶ್.

"ಅವ್ರು ಬಂದಿಲ್ಲ," ಎಂದರು ಮೋಡೆಸ್ಟ್, ನನ್ನ ಕೈಯಿಂದ ಸಾರಿನ ಬಟ್ಟಲು ತೆಗೆದುಕೊಳ್ಳುತ್ತ. "ನನ್ನ ತೋಳಿಗೇ ಅಳೀರಿ. ಸಂಘಕ್ಕೆ ನಾನೇ ತಾನೆ ಪ್ರತಿನಿಧಿ?"

ಅಧ್ಯಕ್ಷರ ತೋಳಿಗೆ ಹೊಂದುವ ಹಿಡಿ ಪೇಟೆಯ ಯಾವ ಅಂಗಡಿಯಲ್ಲೂ ದೊರೆಯದ ಕಾರಣ ವಿಷಯವನ್ನು ಮುಂದಿನ ಸಭೆಗೆ ಮುಂದೂಡಲಾಯಿತು. ಮುಂದಿನ ಸಭೆಯನ್ನು ಗುರಿ ಪರೀಕ್ಷೆಯ ಮರುದಿನಕ್ಕೆ ನಿಗದಿ ಮಾಡಲಾಯಿತು. ಎದ್ದು ಹೋಗುವಾಗ ಅಧ್ಯಕ್ಷರು ನನ್ನ ಕಡೆ ತಿರುಗಿ, "ಅರ್ಜಿದಾರರಿಗೆ ತಿಳಿಸಿಬಿಡಿ ಬರ್ಲಾ," ಎಂದರು. ತಿಳಿಸಿದೆ.

ಪರೀಕ್ಷೆಯ ಬೆಳಿಗ್ಗೆ ನಾನು ವಿಜೇಲಿಯ ರೈಫಲನ್ನು ಹೆಗಲಿಗೇರಿಸಿಕೊಂಡು ಗುರಿಮೈದಾನಕ್ಕೆ ಹೋದೆ. ಅಧ್ಯಕ್ಷರು ಬಹಳ ಮರುಗಿದರು.

"ಅಯ್ಯೋ, ಹೊಡೀರಿ ಬರ್ಲಾ, ಹೊಡೀರಿ, ಯಾರು ಬೇಡ ಅಂದ್ರು? ಆದ್ರೆ ಬೇರೆಯವರ ರೈಫಲ್ಲು. ಬಿದ್ದ ಗುಂಡು ನಿಮ್ಮ ಲೆಕ್ಕಕ್ಕೆ ಬರಲ್ಲ. ನಿಮ್ದೇ ನಿಯಮ."

ನನ್ನದೇ. ಟುಮಾಶ್ ಅವರ ಭಾವಮೈದುನ ಟುಮಾಶ್ ಅವರ ರೈಫಲನ್ನು ಎರವಲು ಪಡೆದು, ಗುರಿಸ್ಪರ್ಧೆಯಲ್ಲಿ ಬಹುಮಾನವಾಗಿ ಗೆದ್ದ ಹಂದಿತೊಡೆಯನ್ನು ಮನೆಗೆ ಒಯ್ದಾಗ, ಟುಮಾಶ್ ಅವರೇ ಮೊಣಕಾಲೂರಿ ಬೇಡಿಕೊಂಡು ಬರೆಸಿದ್ದು: ಗುಂಡು ರೈಫಲಿನ ಯಜಮಾನನ ಲೆಕ್ಕಕ್ಕೆ ಸೇರತಕ್ಕದ್ದು.

ನಾನು ಮಲಗಿದೆ. ಕಾನ್ವೆಂಟಿನಲ್ಲಿ ಕಲಿಸಿದಂತೆ ಬೆನ್ನು ನೇರ, ಉಸಿರು ಅಂಕೆಯಲ್ಲಿ, ಮನಸ್ಸಿನಲ್ಲಿ ಯಾರ ಮೇಲೂ ದ್ವೇಷವಿಲ್ಲ. ಮೂರನೆಯದು ಮಾತ್ರ ನಿಜವಾಗಿರಲಿಲ್ಲ. ನಾಲ್ಕು ಗುಂಡೂ ಕರಿವೃತ್ತದೊಳಗೆ ಬಿದ್ದವು.

"ಭೇಷ್. ಪಾಪ, ವ್ಯರ್ಥ," ಎಂದರು ಅಧ್ಯಕ್ಷರು.

"ವ್ಯರ್ಥ ಹೇಗಾಗುತ್ತೆ?" ಎಂದು ಟುಮಾಶ್ ಎದ್ದು ನಿಂತರು. ಆ ನಿಯಮವೆಂದರೆ ಅವರಿಗೆ ಪ್ರಾಣ. "ಯಜಮಾನನ ಲೆಕ್ಕಕ್ಕೆ ಹೋಗ್ಬೇಕು. ಇಲ್ದಿದ್ರೆ ಆ ಹಂದಿತೊಡೆ ಮತ್ತೆ ನನ್ ಭಾವಮೈದುನಂದಾಗುತ್ತೆ. ನಾನ್ ಬಿಡಲ್ಲ."

"ಯಜಮಾನ ಯಾರಪ್ಪ?" ಎಂದರು ಅಧ್ಯಕ್ಷರು.

"ವಿಜೇಲಿ."

"ಅವ್ನು ಸತ್ತಿದಾನಲ್ಲೋ!"

"ಸಾಯ್ಬಾರ್ದು ಅಂತ ನಿಯಮ ಇದ್ಯಾ?"

ಎಲ್ಲರೂ ನನ್ನತ್ತ ನೋಡಿದರು. ಇರಲಿಲ್ಲ. ಪರೀಕ್ಷಾರ್ಥಿಯ ವಯಸ್ಸು, ದೃಷ್ಟಿ, ಬೂಟಿನ ಅಟ್ಟೆ, ನಡತೆ ಎಲ್ಲವನ್ನೂ ಬರೆದಿದ್ದೆ. ಜೀವಂತವಿರಬೇಕೆಂದು ಬರೆಯಲು ಮರೆತಿದ್ದೆ. ಅಳತೆಕೋಲಿನ ನೆನಪಾಗಿ ಗೆಣ್ಣು ತಾನಾಗಿ ಉರಿಯಿತು.

ಅಂದು ಸಂಜೆ ಹಾಲಿನ ಡೈರಿಯ ಬಾಗಿಲಿಗೆ ಈ ಪ್ರಕಟಣೆಯನ್ನು ಅಂಟಿಸಲಾಯಿತು: "ದಿವಂಗತ ವಿಜೇಲಿ ದೆಪ್ಲಾಜೆಸ್ ಅವರು ಈ ಸಾಲಿನ ಗುರಿ ಪರೀಕ್ಷೆಯಲ್ಲಿ ತೇರ್ಗಡೆಯಾಗಿರುತ್ತಾರೆ. ಅವರ ಗುರಿ ಕಳೆದ ಸಾಲಿಗಿಂತ ಗಮನಾರ್ಹವಾಗಿ ಸುಧಾರಿಸಿರುತ್ತದೆ." ಊರಿನವರು ಓದಿ, ನನಗೆ ಅಭಿನಂದನೆ ಹೇಳದೆ, ಅವರಿಗೆ ತಿಳಿಸಿರೆಂದು ಹೇಳಿ ಹೋದರು.

ಸೆಪ್ಟೆಂಬರಿನಲ್ಲಿ ವಿಜೇಲಿ ಬೇಟೆಗೆ ಹೊರಟರು. ನಾನು ಅವರ ರೈಫಲ್ ಹೊರುವ ಸಹಾಯಕಿ. ಒಲೆ ಪಕ್ಕದ ಮಂಚದ ಮೇಲೆ ಅವರ ಟೋಪಿಯನ್ನು ಮಲಗಿಸಿದೆವು. ಸಹಾಯಕರು ನೆಲದ ಮೇಲೆ ಮಲಗತಕ್ಕದ್ದು ಎಂಬ ನಿಯಮವಿರುವುದರಿಂದ ನಾನು ನೆಲದ ಮೇಲೆ ಮಲಗಿದೆ. ಅದನ್ನು ಬರೆದವರು ಯಾರೆಂದು ಹೇಳುವ ಅಗತ್ಯವಿಲ್ಲ. ಅಧ್ಯಕ್ಷರು ಸೋರುವ ಮೂಲೆಯಲ್ಲಿ ಮಲಗಿ ಟೋಪಿಯನ್ನೇ ನೋಡುತ್ತಿದ್ದರು.

ನಾಲ್ಕನೆಯ ದಿನ ನಾನು ಮರಿಯಿರುವ ತಾಯಾಡನ್ನು ಗಂಡೆಂದು ತಿಳಿದು ಹೊಡೆದೆ. ಮರಿ ಬಂಡೆಯ ಹಿಂದಿನಿಂದ ಬಂದು ನನ್ನನ್ನು ನೋಡಿತು. ಬಹಳ ಹೊತ್ತು ನೋಡಿತು. ನಮ್ಮಲ್ಲಿ ತಪ್ಪು ಪ್ರಾಣಿಯನ್ನು ಹೊಡೆದವರು ತಾವಾಗಿಯೇ ಬಂದು ಒಪ್ಪಿಕೊಳ್ಳಬೇಕು. ದಂಡ ಉಂಟು, ಆದರೆ ಒಪ್ಪಿಕೊಳ್ಳುವುದಕ್ಕಿಂತ ದೊಡ್ಡ ಗೌರವವಿಲ್ಲ. ಬದುಕಿದ್ದಾಗ ವಿಜೇಲಿ ಒಮ್ಮೆಯೂ ಒಪ್ಪಿಕೊಂಡವರಲ್ಲ. ಅವರ ತಾಯಾಡುಗಳೆಲ್ಲ ಗಡ್ಡವಿಲ್ಲದ ಗಂಡಾಡುಗಳಾಗಿರುತ್ತಿದ್ದವು.

ಆ ರಾತ್ರಿ ಬೇಟೆಮನೆಯಲ್ಲಿ ಊಟದ ಹೊತ್ತಿಗೆ ನಾನು ಟೋಪಿಯನ್ನು ಮೇಜಿನ ಮೇಲಿಟ್ಟು ಹೇಳಿದೆ: "ವಿಜೇಲಿ ತಪ್ಪು ಒಪ್ಪಿಕೊಳ್ತಿದಾರೆ."

ಡೂರಿ ಚಮಚ ಕೆಳಗಿಟ್ಟರು. "ವಿಜೇಲಿನಾ? ಸತ್ಮೇಲೆ ಮನುಷ್ಯ ಎಷ್ಟು ಬದಲಾಗ್ತಾನೆ ನೋಡಿ!" ಅವರ ಕಣ್ಣು ಒದ್ದೆಯಾಗಿತ್ತು. ಟುಮಾಶ್ ಎದ್ದು ಟೋಪಿಯ ಕೈ ಕುಲುಕಲು ಹೋಗಿ, ಅಂಚನ್ನು ಕುಲುಕಿದರು.

ಅಧ್ಯಕ್ಷರು ಮಾತ್ರ ಬಿಳಿಚಿಕೊಂಡಿದ್ದರು. ತಾನಾಗಿ ತಪ್ಪೊಪ್ಪಿಕೊಂಡ ಸದಸ್ಯನ ಮಂಚವನ್ನು ಆತನ ಜೀವಮಾನ ಮುಗಿಯುವವರೆಗೆ ಯಾರೂ ಕಸಿಯತಕ್ಕದ್ದಲ್ಲ ಎಂಬ ನಿಯಮ ಅವರಿಗೂ ಗೊತ್ತಿತ್ತು.

"ಸರಿ, ಇವ್ನ ಜೀವಮಾನ ಯಾವಾಗ ಮುಗಿಯುತ್ತೆ?" ಎಂದು ಕೇಳಿದರು.

"ಮಾರ್ಚ್‌ನಲ್ಲೇ ಮುಗೀತು," ಎಂದೆ. "ಇನ್ನು ಮುಗಿಯೋಕೆ ಏನೂ ಉಳಿದಿಲ್ಲ."

ಅಧ್ಯಕ್ಷರು ತರ್ಕ ಸರಿಯಾಗಿದೆಯೆಂದು ಒಪ್ಪಿದರು. ಮಂಚ ದೆಪ್ಲಾಜೆಸ್ ಮನೆಯಲ್ಲೇ ಉಳಿಯಿತು. ನನ್ನ ಮೊದಲ ರೈಫಲಿನ ಆಯ್ಕೆ ಈಗಲೂ ಸಮಿತಿಯ ಮುಂದಿದೆ. ಬೇಗ ಮುಗಿಸಿರೆಂದು ನಾನೂ ಒತ್ತಾಯಿಸುವುದಿಲ್ಲ. ಅದು ಕೈಗೆ ಬಂದ ದಿನ ವಿಜೇಲಿಯ ರೈಫಲ್ ಅವರದ್ದಾಗಿ ಉಳಿಯುವುದಿಲ್ಲ.

ಈಗ ಬೇಟೆಮನೆಯಲ್ಲಿ ಬೆಳಗಾದರೆ ಅಧ್ಯಕ್ಷರು ಒದ್ದೆ ಕಂಬಳಿ ಹಿಂಡುತ್ತ ಒಲೆಯ ಕಡೆ ತಿರುಗಿ ಕೇಳುತ್ತಾರೆ: "ಏನಪ್ಪ ವಿಜೇಲಿ, ನಿದ್ದೆ ಚೆನ್ನಾಗ್ ಬಂತಾ?"

ನಾನು ನೆಲದಿಂದ ಸೊಂಟ ಹಿಡಿದುಕೊಂಡು ಎದ್ದು, ಟೋಪಿಯ ಧೂಳು ಒರೆಸಿ ಹೇಳುತ್ತೇನೆ: "ಕಾಫಿಗೆ ಮುಂಚೆ ಅವ್ರು ಮಾತಾಡಲ್ಲ, ನಿಮಗೆ ಗೊತ್ತಲ್ಲ."

"ಹೌದೌದು," ಎಂದು ಅಧ್ಯಕ್ಷರು ಕಾಫಿಗೆ ನೀರಿಡುತ್ತಾರೆ. ಇರುವ ನಾಲ್ವರಿಗೆ ಐದು ಬಟ್ಟಲು.