ಎಲ್ಸಾಬಾಯಿಯ ಏಳನೆಯ ಬಿಸ್ಕೀಟು

ನಾಚಿಕೆ ಸ್ವಭಾವದವರು ಪರರ ಮನೆಯಲ್ಲಿ ತಿನ್ನಲು ಕೂತಾಗ ಪಡುವ ಪಾಡು, ಕೇಳಿ ಹಾಕಿಸಿಕೊಂಡು ತಿನ್ನುವವರಿಗೆ ಎಷ್ಟು ಹೇಳಿದರೂ ತಿಳಿಯುವುದಿಲ್ಲ. ನಾನು ಹುಟ್ಟಾ ನಾಚಿಕೆಯವಳು. ಊರ ಐಗಳ ಸಾಲಿಯಲ್ಲಿ ಹೆಸರು ಕೂಗಿದರೆ ಓ ಎನ್ನಲಾರದೆ, ಎದುರಿಗೇ ಕೂತು ಅರ್ಧ ವರ್ಷ ಗೈರುಹಾಜರಿ ಬರೆಸಿಕೊಂಡಿದ್ದೇನೆ. ಇಂಥವಳು ಒಮ್ಮೆ ಪರದೇಶಕ್ಕೆ ಹೋಗಿ ಬಂದೆ ಎಂದರೆ ಮೊಮ್ಮಕ್ಕಳಾದ ನೀವು ನಗುತ್ತೀರಿ. ನಗಿರಿ. ಆದರೆ ಆಗ ನಮ್ಮ ಆನೆಗೊಂದಿ ನಿಜಾಮರ ರಾಜ್ಯದಲ್ಲಿತ್ತು, ಹೊಳೆಯ ಆಚೆ ದಡ ಇಂಗ್ಲಿಷರದು. ಹರಗೋಲು ಹತ್ತಿ ಇಳಿಯುವುದರೊಳಗೆ ಸರಕಾರವೇ ಬದಲಾಗುತ್ತಿತ್ತು. ನಾನು ಹೋದದ್ದು ಅದಕ್ಕೂ ಆಚೆ, ಸ್ವೀಡನ್ನಿಗೆ. ಅದು ಆಚೆ ದಡದ ಒಂದು ಬಂಗಲೆಯೊಳಗಿತ್ತು.

ನೀರೆತ್ತುವ ಯಂತ್ರ ಕೂಡಿಸಲು ಬಂದ ಸ್ವೀಡನ್ ದೇಶದ ಇಂಜಿನಿಯರ್ ಸಾಹೇಬರು ಆ ಬಂಗಲೆಯಲ್ಲಿದ್ದರು. ಅವರ ಹೆಂಡತಿ ಎಲ್ಸಾಬಾಯಿ. ಬಾಳೆನಾರಿನ ಚೀಲ ನೋಡಲು ನಮ್ಮ ಓಣಿಗೆ ಬಂದಾಕೆ, ನಮ್ಮ ಅಡುಗೆಮನೆಯಲ್ಲಿ ಪೇರಿಸಿಟ್ಟ ಕಡಕ್ ರೊಟ್ಟಿ ಕಂಡು ಅಲ್ಲೇ ಕುಳಿತುಬಿಟ್ಟರು. ಅವರ ಊರಿನಲ್ಲೂ ಇಂಥದೇ ರೊಟ್ಟಿಯಂತೆ. ನಡುವೆ ತೂತು ಮಾಡಿ, ಕೋಲಿಗೆ ಪೋಣಿಸಿ, ನೆತ್ತಿಯ ಮೇಲೆ ತೂಗುಹಾಕಿ ತಿಂಗಳುಗಟ್ಟಲೆ ತಿನ್ನುತ್ತಾರಂತೆ. "ರೊಟ್ಟಿಗೂ ತೂತು ಹಾಕಿ ಉಳಸ್ತಾರಂದ್ರ, ಪಾಪ, ಎಷ್ಟು ಬಡತನ ಐತೋ," ಎಂದು ನಮ್ಮತ್ತೆ ಮರುಗಿ ಇನ್ನೆರಡು ರೊಟ್ಟಿ ಕೈಗಿಟ್ಟರು. ಅಂದಿನಿಂದ ನಮ್ಮ ಗೆಳೆತನ. ಬಂಗಲೆಯ ಅಡುಗೆಯವನಿಂದ ಕಲಿತ ಅವರ ನಾಲ್ಕು ಮಾತಿನ ಕನ್ನಡವೂ ನನ್ನ ಮೌನವೂ ಚೆನ್ನಾಗಿ ಹೊಂದಿಕೊಂಡವು. ಗೆಳತಿ ಎಂದು ನನಗಿದ್ದವರು ಅವರೊಬ್ಬರೇ.

ಅವರು ಒಂದು ದಿನ ನಮ್ಮನ್ನು ಕಾಫಿಗೆ ಕರೆದರು. ನಿಮ್ಮ ಅಜ್ಜ ಸಾಲಿ ಮಾಸ್ತರರು, ಇಂಗ್ಲಿಷ್ ಬಲ್ಲವರು. ಆಗಲೇ ಹೊಸ ಧೋತರ ತೆಗೆದಿಟ್ಟರು. ಅತ್ತೆ ಮಾತ್ರ ನನ್ನನ್ನು ನಿಲ್ಲಿಸಿ ಹೇಳಿದರು: "ಗೊತ್ತಿಲ್ದ ತತ್ತಿ ತಿಂದಿ ಅಂದ್ರ ಹೊಳ್ಯಾಗ ಮೂರು ಮುಳುಗು ಹಾಕಿ ಬಾ. ಇನ್ನ ನಾ ದೀಪ ಹಚ್ಚೋದ್ರೊಳಗ ಮನಿಗೆ ಬರಲಿಲ್ಲಂದ್ರ, ಮತ್ತೊಮ್ಮೆ ಆ ಬಾಯಿ ಮನಿ ಹೆಸರು ಎತ್ತಬ್ಯಾಡ."

ಬಂಗಲೆಯಲ್ಲಿ ಸಾಹೇಬರೂ ಬೂಟು ಹೊರಗೆ ಬಿಟ್ಟು ಒಳಗೆ ಬಂದದ್ದು ಕಂಡು ನನಗೆ ಅರ್ಧ ಜೀವ ಬಂತು. ಮೇಜಿನ ಮೇಲೆ ಏಳು ತಟ್ಟೆ, ಏಳು ತರದ ಬಿಸ್ಕೀಟು. ಅವರಲ್ಲಿ ಅತಿಥಿಗೆ ಏಳು ತರ ಇಡಬೇಕು, ಕಡಿಮೆಯಾದರೆ ಜಿಪುಣತನ, ಹೆಚ್ಚಾದರೆ ಜಂಬ. "ಏಳೂ ತಿನ್ನಬೇಕಂತ, ಒಂದು ಬಿಟ್ರೂ ಅವರಿಗೆ ಬ್ಯಾಸರ," ಎಂದು ಅಜ್ಜ ಪಿಸುಗುಟ್ಟಿದರು. ಎಲ್ಸಾಬಾಯಿ ಒಂದೊಂದೇ ತಟ್ಟೆ ನನ್ನೆದುರು ಹಿಡಿದು, ಮಂತ್ರ ಹೇಳಿದ ಹಾಗೆ "ತತ್ತಿ ಇಲ್ಲ" ಎನ್ನುತ್ತಿದ್ದರು. ಕಾಫಿಯನ್ನು ನಾನು ಅಭ್ಯಾಸಬಲದಿಂದ ಕಪ್ಪಿನ ಕೆಳಗಿನ ಬಶಿಗೆ ಸುರುವಿಕೊಂಡು ಆಮೇಲೆ ಬೆವೆತೆ. ಅವರೋ "ನಮ್ಮಜ್ಜಿ ಹಿಂಗೇ," ಎಂದು ತಾವೂ ಬಶಿಗೆ ಸುರುವಿ, ಸಕ್ಕರೆಯ ಹರಳು ಹಲ್ಲಿನಲ್ಲಿ ಕಚ್ಚಿ ಸೊರ್ ಎಂದು ಹೀರಿದರು.

ಆರು ತಟ್ಟೆಗಳನ್ನು ತಲೆಗೊಂದರಂತೆ ಹಂಚಿಕೊಂಡು ದಾಟಿದೆವು. ಏಳನೆಯದರಲ್ಲಿ ಯಾಲಕ್ಕಿ ಬಿಸ್ಕೀಟು, ತಲೆಗೊಂದು ತಿಂದ ಮೇಲೂ ಒಂದು ಉಳಿಯಿತು. ಅಲ್ಲಿಗೆ ನಮ್ಮ ಹರಗೋಲು ನಿಂತಿತು. ಅವರ ದೇಶದಲ್ಲಿ ತಟ್ಟೆಯ ಕಡೆಯ ತುಣುಕನ್ನು ಯಾರೂ ತೆಗೆದುಕೊಳ್ಳುವುದಿಲ್ಲ. ನಮ್ಮಲ್ಲಿ ಮುಂದೆ ಇಟ್ಟದ್ದನ್ನು ಬಿಟ್ಟು ಏಳುವುದಿಲ್ಲ. ಎಲ್ಸಾಬಾಯಿ ಅದನ್ನು ಎರಡು ಮಾಡಿ ಅರ್ಧ ತಿಂದು ಅರ್ಧ ಬಿಟ್ಟರು. ಸಾಹೇಬರು ಅದರಲ್ಲಿ ಅರ್ಧ ತಿಂದರು. ಅಜ್ಜ ಮರ್ಯಾದೆಯಲ್ಲಿ ಹಿಂದೆ ಬೀಳುವವರೇ ಅಲ್ಲ. ಉಗುರಿನಿಂದ ಗೀರಿ ಅರ್ಧ ಮಾಡಿದರು. ನಾನು ಉಳಿದದ್ದರ ಅರ್ಧ. ಯಾರೇ ತಿಂದರೂ ಎಲ್ಸಾಬಾಯಿ ಎಲ್ಲರಿಗೂ ಮತ್ತೆ ಕಾಫಿ ಸುರುವುತ್ತಿದ್ದರು. ಸುರುವಿದ ಕಾಫಿ ಬಿಡುವುದು ಹೇಗೆ, ಬರೀ ಕಾಫಿ ಕುಡಿಯುವುದು ಹೇಗೆ? ಹೊಳೆಯ ಕಡೆಯಿಂದ ಅಂಬಿಗನ ಕೂಗು ಕೇಳಿಸಿತು: "ಮಾಸ್ತರ್ರ, ಬರ್ರಿ, ಹೊತ್ತು ಮುಳಗಾಕ ಹತ್ತೈತಿ."

"ಏಳೋಣೇನ್ರಿ?" ಎಂದೆ ಅಜ್ಜನಿಗೆ.

"ಹೆಂಗ ಏಳ್ತಿ? ತಟ್ಟ್ಯಾಗ ಇನ್ನೂ ಐತಲ್ಲ," ಎಂದರು. ಸಾಹೇಬರು ಕನ್ನಡಕ ಏರಿಸಿಕೊಂಡು, ಸಣ್ಣ ಚಾಕು ಹಿಡಿದು, ಮತ್ತೆ ಅರ್ಧ ಮಾಡುತ್ತಿದ್ದರು.

ಅಂಬಿಗ ಈಗ ಬಾಗಿಲಿಗೇ ಬಂದ. ಎಳ್ಳಿನಷ್ಟು ಚೂರಿನ ಸುತ್ತ ನಾಲ್ಕು ಜನ ದೊಡ್ಡವರು ಬಗ್ಗಿ ಕೂತದ್ದನ್ನು ನೋಡಿ, "ಯಾರ್ದರ ಉಂಗುರದ ಹರಳು ಬಿದ್ದೈತೇನ್ರಿ?" ಎಂದ. ನನ್ನ ಕಣ್ಣ ಮುಂದೆ ಅತ್ತೆಯ ಕೈಯ ಕಡ್ಡಿಪೆಟ್ಟಿಗೆ ಬಂತು. ಹುಟ್ಟಿದಾಗಿನಿಂದ ಕೂಡಿಸಿಟ್ಟ ಧೈರ್ಯವನ್ನೆಲ್ಲ ಆ ದಿನ ಒಮ್ಮೆಗೇ ಖರ್ಚು ಮಾಡಿದೆ. ಚೂರನ್ನು ಬೆರಳಿಗೆ ಅಂಟಿಸಿಕೊಂಡು, "ನಮ್ಮತ್ತಿಗೆ," ಎಂದು ಸೆರಗಿನ ಚುಂಗಿಗೆ ಗಂಟು ಹಾಕಿದೆ. ಹಿರಿಯರಿಗೆ ಒಯ್ದದ್ದು ತಿಂದ ಹಾಗೂ ಅಲ್ಲ, ಬಿಟ್ಟ ಹಾಗೂ ಅಲ್ಲ. ಸಾಹೇಬರು ಎದ್ದು ನಿಂತು ಉಸಿರುಬಿಟ್ಟರು.

ಆನೆಗೊಂದಿ ಮುಟ್ಟಿದಾಗ ಓಣಿಯ ಎಲ್ಲ ಮನೆಗಳಲ್ಲೂ ದೀಪ ಹತ್ತಿತ್ತು. ಗೆಳೆತನ ಮುಗಿಯಿತು ಎಂದುಕೊಂಡೆ. ನಮ್ಮ ಮನೆ ಮಾತ್ರ ಗವ್ವೆನ್ನುತ್ತಿತ್ತು. ಹೊಸ್ತಿಲ ಮೇಲೆ ಅತ್ತೆ ಕಡ್ಡಿಪೆಟ್ಟಿಗೆ ಹಿಡಿದು ಕತ್ತಲಲ್ಲಿ ಕೂತಿದ್ದರು.

"ಕಡ್ಡಿ ಥಂಡಿ ಹಿಡದಾವು, ಹತ್ತವಲ್ಲವು," ಎಂದರು. ನನ್ನನ್ನು ಕಂಡಕೂಡಲೇ ಮೊದಲನೆಯ ಕಡ್ಡಿಗೇ ಹತ್ತಿತು.

ದೀಪದ ಬೆಳಕಿನಲ್ಲಿ ಗಂಟು ಬಿಚ್ಚಿದೆ. ಅತ್ತೆ ಬಹಳ ಹೊತ್ತು ಹುಡುಕಿದರು. "ಪರದೇಶದಿಂದ ಇಷ್ಟ ತಂದೀಯೇನು?" ಎಂದರು. ಮೂಸಿ ನೋಡಿದರು, ಯಾಲಕ್ಕಿ. ಆಮೇಲೆ ಅದನ್ನು ಉಗುರಿನಿಂದ ಎರಡು ಮಾಡಿ, "ಹಿಡಿ, ಅರ್ಧ ನಿನಗ. ಮುಂದಿನ ವಾರ ಹೋದಾಗ ಇಡೀದು ತಗೊಂಬಾ," ಎಂದರು.

ಅಜ್ಜನೂ ಇಲ್ಲ, ಅತ್ತೆಯೂ ಇಲ್ಲ. ಅರ್ಧ ತಿಂದು ಅರ್ಧ ಬಿಡುವ ಆ ಚಟ ಮಾತ್ರ ನನ್ನಲ್ಲಿ ಉಳಿದಿದೆ. ಮೊನ್ನೆ ಉಂಡಿಯ ಡಬ್ಬಿಯಲ್ಲಿ ಅರ್ಧ ಉಂಡಿ, ಮರುದಿನ ಕಾಲು, ಅದರ ಮರುದಿನ ಅರೆಕಾಲು ಕಂಡು, ಇದು ಇಲಿಯದೇ ಕೆಲಸ ಎಂದು ನೀವೆಲ್ಲ ಸೇರಿ ಡಬ್ಬಿಯ ಪಕ್ಕ ಬೋನು ಇಟ್ಟಿದ್ದೀರಿ. ಬಾಯಿಬಿಟ್ಟು ಹೇಳಲು ನಾಚಿಕೆಯಾಗಿ ಇಷ್ಟೆಲ್ಲ ಬರೆದೆ. ಬೋನು ತೆಗೆಯಿರಿ. ಡಬ್ಬಿಯಲ್ಲಿ ಇನ್ನೂ ಒಂದು ಚೂರು ಇದೆ.